ಬ್ಯಾಂಡನ್ನು ಬುಡದಿಂದ ಕೇಳುವುದು

ಬೆಂಗಳೂರಿನ ಯಾವುದಾದರೂ ಇಂಡಿ (ಸ್ವತಂತ್ರ) ಬ್ಯಾಂಡಿನ ಶೋಗೆ ಮೊದಲ ಸಲ ಹೋಗಿಬಂದ ಕನ್ನಡ ಕೇಳುಗರು ಮಾರನೆಯ ದಿನ ಹೇಳುವುದು ಹೆಚ್ಚೂಕಡಿಮೆ ಒಂದೇ ಮಾತು: ‘ಗದ್ದಲ ಜಾಸ್ತಿ, ಸಾಹಿತ್ಯವೇ ಕಿವಿಗೆ ಬೀಳಲಿಲ್ಲ.’ ದೂರು ಸುಳ್ಳೇನಲ್ಲ. ಆದರೆ ಆ ಕಿವಿ ಹಾಡನ್ನು ಎಲ್ಲಿ ಹುಡುಕುತ್ತಿತ್ತು ಎಂದೂ ಕೇಳಬೇಕಲ್ಲ. ಭಾವಗೀತೆ, ಸಿನಿಮಾ ಹಾಡು, ಕರ್ನಾಟಕ ಸಂಗೀತ ಈ ಮೂರೂ ನಮ್ಮನ್ನು ಗಾಯಕರ ಬಾಯಿ ನೋಡುತ್ತ ಕೇಳುವಂತೆ ಬೆಳೆಸಿವೆ. ದನಿ ಮುಂದೆ, ಉಳಿದದ್ದೆಲ್ಲ ಪಕ್ಕವಾದ್ಯ. ಬ್ಯಾಂಡಿನಲ್ಲಿ ಪಕ್ಕವಾದ್ಯ ಎಂಬುದೇ ಇಲ್ಲ. ಅಲ್ಲಿ ಹಾಡು ತಳದಿಂದ ಎದ್ದುಬರುತ್ತದೆ: ಮೊದಲು ಡ್ರಮ್ಸ್ ಮತ್ತು ಬೇಸ್, ಅದರ ಮೇಲೆ ಗಿಟಾರು, ಎಲ್ಲಕ್ಕೂ ಮೇಲೆ ದನಿ. ಕೇಳುವವರೂ ಬುಡದಿಂದಲೇ ಶುರುಮಾಡಬೇಕು.

ಇದಕ್ಕೆ ಮನೆಯಲ್ಲಿ ಕೂತು ತಯಾರಾಗುವುದು ಕಷ್ಟ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅಷ್ಟು ತಗ್ಗಿನ ನಾದವನ್ನು ಹೊರಡಿಸಲು ಮೊಬೈಲಿನ ಪುಟ್ಟ ಸ್ಪೀಕರಿಗೆ ಆಗದು. ಹಾಗಾಗಿ ಫೋನಿನಲ್ಲಿ ಹಾಡು ಕೇಳಿ ‘ಈ ಬ್ಯಾಂಡು ಗೊತ್ತು’ ಎನ್ನುವವರಿಗೆ ಅದರ ಅರ್ಧ ಭಾಗ ಗೊತ್ತೇ ಇರುವುದಿಲ್ಲ. ಶೋನಲ್ಲಿ ಅದೇ ಬೇಸು ಎದೆಗೂಡಿಗೆ ಬಂದು ತಾಗುತ್ತದೆ. ಹೊಸಬರಿಗೆ ಗದ್ದಲ ಎನ್ನಿಸುವುದರಲ್ಲಿ ಬಹುಪಾಲು ಈ ಅಪರಿಚಿತ ಅರ್ಧವೇ.

ಮೊದಲ ಎರಡು ಹಾಡು ಗಾಯಕರನ್ನು ನೋಡಲೇಬೇಡಿ. ಡ್ರಮ್ಮರ್‌ನ ಬಲಗಾಲು ನೋಡಿ. ಪೆಡಲಿನ ಮೇಲಿರುವ ಆ ಕಾಲು ಕಿಕ್ ಡ್ರಮ್ಮನ್ನು ಹೊಡೆಯುವ ಗಳಿಗೆಗೂ ಬೇಸ್ ನುಡಿಸುವವರ ಬೆರಳು ತಂತಿ ಮೀಟುವ ಗಳಿಗೆಗೂ ಏನು ನಂಟು? ಕೆಲವೊಮ್ಮೆ ಎರಡೂ ಒಟ್ಟಿಗೆ ಇಳಿಯುತ್ತವೆ. ಕೆಲವೊಮ್ಮೆ ಬೇಸು ಬೇಕೆಂದೇ ಒಂದು ಕೂದಲೆಳೆ ಹಿಂದೆ ಉಳಿಯುತ್ತದೆ, ಆಗ ಹಾಡಿಗೆ ತೂಗುವ ನಡೆ ಬರುತ್ತದೆ. ಬ್ಯಾಂಡಿನವರು ‘ಗ್ರೂವ್’ ಎನ್ನುವುದು ಇದನ್ನೇ. ಆಮೇಲೆ ನಾಲ್ಕರ ಎಣಿಕೆ ಹಾಕಿ. ಬಹುತೇಕ ರಾಕ್ ಹಾಡುಗಳಲ್ಲಿ ಸ್ನೇರ್ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ನಮ್ಮ ಜನ ಒಂದು ಮತ್ತು ಮೂರರ ಮೇಲೆ ಚಪ್ಪಾಳೆ ತಟ್ಟಿ, ಬರಬರುತ್ತ ಲಯವನ್ನೂ ಏರಿಸಿ, ವೇದಿಕೆಯ ಮೇಲಿದ್ದವರ ಸಹನೆ ಪರೀಕ್ಷಿಸುವುದುಂಟು. ನೀವು ಎರಡು–ನಾಲ್ಕಕ್ಕೆ ಬದಲಿಸಿಕೊಂಡು ನೋಡಿ, ಇಡೀ ಹಾಡು ಸಡಿಲಗೊಂಡು ಮೈಗೆ ಹತ್ತುತ್ತದೆ.

ಈ ಅಭ್ಯಾಸಕ್ಕೆ ನಾನು ಎಲ್ಲರಿಗೂ ಸೂಚಿಸುವ ಬ್ಯಾಂಡು ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ತಂಡ, ಇಂಗ್ಲಿಷಿನಲ್ಲಿ ಹಾಡುತ್ತದೆ. ಬ್ರೂಸ್ ಲೀ ಮಣಿ ಗಿಟಾರು ನುಡಿಸುತ್ತಲೇ ಹಾಡುವವರು, ರಾಜೀವ್ ರಾಜಗೋಪಾಲ್ ಡ್ರಮ್ಸಿನವರು. ಅವರ ಹಾಡುಗಳಲ್ಲಿ ರಾಕಿನ ಕಸುವಿನ ಜೊತೆ ಜಾಜಿನ ಸ್ವರಜೋಡಣೆಯೂ ಫಂಕ್‌ನ ತುಂಟ ಲಯವೂ ಇವೆ. ಬೇಸಿನ ಜಾಡು ಹಿಡಿದು ಹೊರಟರೆ ಪ್ರತಿ ಹಾಡಿನಲ್ಲೂ ಒಂದು ತಿರುವು ಸಿಗುತ್ತದೆ. ಮೊದಲ ಕೇಳುವಿಕೆಗೆ ಅವರ ಹಾಡುಗಳು ಸುಲಭವಲ್ಲ, ಗುನುಗಲು ಸಿಗುವ ಸಾಲು ಕಡಿಮೆ. ಹಾಗಿದ್ದೂ ಈ ನಗರದಲ್ಲಿ ಬ್ಯಾಂಡೆಂದರೆ ಇತರರ ಇಂಗ್ಲಿಷ್ ಹಾಡುಗಳನ್ನು ಯಥಾವತ್ ನುಡಿಸುವುದೆಂದೇ ನಂಬಿದ್ದ ಕಾಲದಿಂದ ಇಂದಿನವರೆಗೆ ಸ್ವಂತ ಹಾಡಿಗೇ ಅಂಟಿಕೊಂಡು ಬಂದವರು ಎಂಬ ಒಂದೇ ಕಾರಣಕ್ಕೂ ಅವರನ್ನು ಕೇಳಬೇಕು.

ಸಂಗೀತ ಪಾಠಕ್ಕೆ ಹೋದ ಕಿವಿಯಿದ್ದರೆ ಅಗಂನಿಂದ ಶುರುಮಾಡಿ. ಇದೂ ಬೆಂಗಳೂರಿನ ತಂಡವೇ. ಗಾಯಕ ಹರೀಶ್ ಶಿವರಾಮಕೃಷ್ಣನ್ ಪಿಟೀಲನ್ನೂ ಹಿಡಿಯುತ್ತಾರೆ. 2012ರಲ್ಲಿ ಮೊದಲ ಆಲ್ಬಂ ಬಂತು. ನಳಿನಕಾಂತಿಯಲ್ಲಿರುವ ತ್ಯಾಗರಾಜರ ‘ಮನವ್ಯಾಲಕಿಂಚರ’ ಅವರ ವೇದಿಕೆಗೆ ಬಂದಾಗ ರಾಗ ಎಲ್ಲೂ ಕೆಡುವುದಿಲ್ಲ. ಆದರೆ ಮೃದಂಗ ಕೊಡುತ್ತಿದ್ದ ಭರವಸೆಯ ಜಾಗದಲ್ಲಿ ಡ್ರಮ್ಸ್ ಒಂದು ಒತ್ತಡ ತರುತ್ತದೆ, ಗಿಟಾರುಗಳು ಸ್ವರಪುಂಜಗಳನ್ನು ಗೋಡೆಯಂತೆ ಎಬ್ಬಿಸುತ್ತವೆ. ಸಂಪ್ರದಾಯಸ್ಥರು ಮೂಗುಮುರಿಯುತ್ತಾರೆ. ಮುರಿಯಲಿ. ನನ್ನ ತಕರಾರೇ ಬೇರೆ. ಕೆಲವೊಮ್ಮೆ ಅಷ್ಟೂ ವಾದ್ಯಗಳು ಒಟ್ಟಿಗೆ ಏರಿದಾಗ ಗಮಕಗಳ ನಯ ಹೂತುಹೋಗುತ್ತದೆ. ಆಲಾಪನೆಯಂತೆ ಬಿಡಿಯಾಗಿ ಹಾಡುವ ಭಾಗಗಳಲ್ಲೇ ಹರೀಶರ ಕಂಠ ಪೂರ್ತಿ ದಕ್ಕುವುದು.

ಫ್ಯೂಷನ್ ಎಂದು ಬರುವುದನ್ನೆಲ್ಲ ಒಪ್ಪಿಕೊಳ್ಳಬೇಕೆಂದೇನೂ ಇಲ್ಲ. ಇತ್ತೀಚೆಗೆ ಒಂದು ವಚನ, ಒಂದು ದಾಸರ ಪದ ಹಿಡಿದು ಕೆಳಗೆ ಗಿಟಾರು ಅಂಟಿಸಿ ‘ವಚನ ರಾಕ್’ ಎನ್ನುವವರ ಸಂತೆಯೇ ನೆರೆದಿದೆ. ನಾನು ಬಳಸುವ ಪರೀಕ್ಷೆ ಒಂದೇ: ಗಿಟಾರನ್ನೂ ಡ್ರಮ್ಸನ್ನೂ ಮನಸ್ಸಿನಲ್ಲೇ ತೆಗೆದುಹಾಕಿ ನೋಡುವುದು. ಹಾಡು ಏನೂ ಕಳೆದುಕೊಳ್ಳದಿದ್ದರೆ ಅದು ಬರೀ ಅಲಂಕಾರ. ರಘು ದೀಕ್ಷಿತ್ ಈ ಪರೀಕ್ಷೆಯಲ್ಲಿ ಗೆಲ್ಲುವುದು ಹೇಗೆಂದು ನೋಡೋಣ. 2008ರ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ತತ್ವಪದದ ಭಜನೆಯಲ್ಲಿ ಏಕತಾರಿ ಒಂದೇ ನಾದವನ್ನು ಬಿಡದೆ ಮೀಟುತ್ತಿರುತ್ತದೆ, ಅದರ ಮೇಲೆ ಹಾಡುವವರು, ಕೂಡಿ ಹಾಡುವವರು. ರಘು ಅವರ ಗಿಟಾರಿನ ಮರುಕಳಿಸುವ ನುಡಿತ ಆ ಏಕತಾರಿಯ ಕೆಲಸವನ್ನೇ ಮಾಡುತ್ತದೆ, ಎದುರಿಗಿದ್ದ ಜನಸಂದಣಿ ಭಜನೆಯ ಹಿಮ್ಮೇಳವಾಗುತ್ತದೆ. ಗಿಟಾರು ತೆಗೆದರೆ ಪದ ನೆಲೆ ತಪ್ಪುತ್ತದೆ. ಮೈಸೂರಿನ ಈ ಮನುಷ್ಯ ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಓದಿದವರು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುತ್ತಾರೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದು ಇದೇ ವೇಷಭೂಷಣದ ತಂಡ. ಅವರು ಜನರನ್ನು ಕುಣಿಸುವುದು, ಹಾಡಿಸುವುದು ಕೆಲವರಿಗೆ ಅತಿಯೆನಿಸಬಹುದು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲಬೇಕೆನ್ನುವವರು ಈ ಶೋಗೆ ಹೋಗದಿರುವುದೇ ಒಳ್ಳೆಯದು.

ರಘು ಅವರ ತಮ್ಮ ವಾಸು ದೀಕ್ಷಿತ್ ಮುಂದಾಳುವಾಗಿರುವ ಸ್ವರಾತ್ಮದ ದಾರಿ ಬೇರೆ. ವಾಸು ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬರುವುದನ್ನು ಮೊದಲ ಸಲ ನೋಡಿದವರಿಗೆ ಜಾತ್ರೆಯ ನೆನಪಾಗದಿರದು. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’. ಇವರಲ್ಲಿ ಗಮನಿಸಬೇಕಾದ್ದು ಹಾಡು ಮತ್ತು ಹಾಡಿನ ನಡುವಿನ ಜಾಗ: ವಾಸು ಆಡುವ ಮಾತು, ಅದರೊಳಗೇ ತೂರಿಬರುವ ಪಿಟೀಲು, ನಗಿಸುತ್ತಲೇ ಚುಚ್ಚುವ ರಾಜಕೀಯ ವ್ಯಂಗ್ಯ. ‘ಕನ್ನಡದ ಹುಡುಗರು ಹಿಂದಿಯಲ್ಲಿ ಯಾಕೆ ಹಾಡಬೇಕು’ ಎಂಬ ಪ್ರಶ್ನೆಯೂ ಇವರ ಮುಂದೆಯೇ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಊರೂರು ಸುತ್ತಿ ಹೊಟ್ಟೆ ಹೊರೆಯಬೇಕಾದ ತಂಡಕ್ಕೆ ಪುಣೆ, ದೆಹಲಿಗಳ ವೇದಿಕೆಯೂ ಬೇಕು ಎಂಬುದು ಒಂದು ಉತ್ತರ. ಕನ್ನಡ ಹಾಡಿಗೆ ಟಿಕೆಟ್ ಕೊಂಡು ಬರುವ ಕನ್ನಡಿಗರು ಎಷ್ಟಿದ್ದಾರೆ ಎಂಬುದು ಅದರ ಪಕ್ಕದಲ್ಲೇ ನಿಲ್ಲುವ ಮರುಪ್ರಶ್ನೆ. ಬೆಂಗಳೂರಿನದೇ ಪರ್ವಾಜ್ ಉರ್ದು, ಕಾಶ್ಮೀರಿಗಳಲ್ಲಿ ಹಾಡುತ್ತದೆ. ಒಂದಕ್ಷರ ತಿಳಿಯದ ಕಾಶ್ಮೀರಿ ಹಾಡಿಗೆ ಕಿವಿಗೊಟ್ಟು ನಿಂತರೆ ಬುಡದಿಂದ ಕೇಳುವ ಅಭ್ಯಾಸ ತಾನಾಗಿ ಬಂದುಬಿಡುತ್ತದೆ. ಮಾತು ಕೈಬಿಟ್ಟ ಮೇಲೆ ಹಿಡಿಯಲು ಉಳಿದಿರುವುದು ಅದೊಂದೇ.

ಡ್ರಮ್ಸಿನ ಅಬ್ಬರವೇ ಬೇಡ ಎನ್ನುವವರಿಗೆ ಗಾಯಕಿ ಬಿಂದುಮಾಲಿನಿ ಇದ್ದಾರೆ. ‘ನಾತಿಚರಾಮಿ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು; ವೇದಾಂತ್ ಭಾರದ್ವಾಜ್ ಜೊತೆ ಅವರು ಕಬೀರರನ್ನು ಹಾಡುವುದನ್ನು ಹತ್ತಿರ ಕೂತು ಕೇಳಬೇಕು.

ಇನ್ನು ನಿಲ್ಲುವ ಜಾಗದ ಮಾತು. ಹೊಸಬರು ವೇದಿಕೆಗೆ ಅಂಟಿಕೊಂಡು ನಿಲ್ಲುತ್ತಾರೆ. ಅಲ್ಲಿ ಕೇಳುವುದು ವಾದ್ಯದವರ ಆಂಪ್ಲಿಫೈಯರಿನ ಬಿಡಿ ಸದ್ದು. ಹಾಡುವ ದನಿ ಹೊಮ್ಮುವ ದೊಡ್ಡ ಸ್ಪೀಕರುಗಳು ನಿಮ್ಮ ಕಿವಿ ದಾಟಿ ಹಿಂದಿನವರಿಗೆ ಗುರಿಯಿಟ್ಟಿರುತ್ತವೆ. ‘ಸಾಹಿತ್ಯ ಕೇಳಲಿಲ್ಲ’ ಎಂಬ ದೂರಿಗೆ ಅರ್ಧ ಕಾರಣ ಇದೇ. ಮೂಲೆಗಳೂ ಗೋಡೆಯ ಬದಿಯೂ ಬೇಡ, ಬೇಸು ಅಲ್ಲಿ ಗುಡ್ಡೆಯಾಗಿ ಬಿದ್ದು ಉಳಿದದ್ದನ್ನು ನುಂಗುತ್ತದೆ. ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುವ ಜಾಗದ ಆಸುಪಾಸು ಹುಡುಕಿ. ಇಡೀ ರಾತ್ರಿಯ ಧ್ವನಿಯನ್ನು ಹದಗೊಳಿಸುವುದು ಆ ಮನುಷ್ಯನ ಕಿವಿ, ಅದಕ್ಕೆ ಸರಿಯೆನಿಸಿದ್ದು ಪಕ್ಕದವರಿಗೂ ಸರಿಯೆನಿಸುತ್ತದೆ. ಸಂಜೆ ಖಾಲಿ ಕೋಣೆಯಲ್ಲಿ ಸೌಂಡ್‌ಚೆಕ್ ಮಾಡಿದಾಗ ಚೂಪಾಗಿದ್ದ ದನಿ ಜನ ತುಂಬಿದ ಮೇಲೆ ಮಂಕಾಗುತ್ತದೆ, ಏಕೆಂದರೆ ಮೈಯೂ ಬಟ್ಟೆಯೂ ತಾರಸ್ಥಾಯಿಯ ಸದ್ದನ್ನು ಹೀರುತ್ತವೆ. ಮೊದಲ ಎರಡು ಹಾಡುಗಳಲ್ಲಿ ಆತ ಅದನ್ನು ಸರಿಪಡಿಸುವುದನ್ನು ಕೇಳಿಯೇ ಗುರುತಿಸಬಹುದು.

ಕಿವಿಯ ಕ್ಷೇಮದ ವಿಷಯದಲ್ಲಿ ಪೌರುಷ ಬೇಡ. 85 ಡೆಸಿಬೆಲ್ ಸದ್ದನ್ನು 8 ಗಂಟೆ ತಾಳಬಹುದೆಂಬ ಅಳತೆಯಿದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಮುಟ್ಟುವ ಹೊತ್ತಿಗೆ ಉಳಿಯುವುದು 15 ನಿಮಿಷ. ಸಣ್ಣ ಕ್ಲಬ್ಬಿನ ರಾಕ್ ಶೋ ಆ ಮಟ್ಟ ಮುಟ್ಟುವುದು ಅಪರೂಪವಲ್ಲ. ಸಂಗೀತಗಾರರೇ ಇಯರ್‌ಪ್ಲಗ್ ಹಾಕಿಕೊಂಡಿರುತ್ತಾರೆ, ನಿಮಗೇನು?

ಹೊತ್ತಿಗೆ ಸರಿಯಾಗಿ ಹೋಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು, ಆದ್ದರಿಂದ ನಮ್ಮೂರಿನ ಬಯಲು ಶೋಗಳು ಒಂಬತ್ತಕ್ಕೇ ತಾರಕಕ್ಕೇರಿರುತ್ತವೆ. ಬೆಂಗಳೂರಿನಲ್ಲಿ ಲೈವ್ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ವೇದಿಕೆಗಳೇ ಮಂಕಾದವು. ಇಂದಿರಾನಗರದ ಲೈವ್ ಸಂಗೀತದ ತಾಣ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಉಳಿದಿರುವ ಜಾಗಗಳ ಲೆಕ್ಕ ಹೀಗಿರುವಾಗ ಗುರುತಿನವರ ಮೂಲಕ ಪುಕ್ಕಟೆ ಪಾಸು ಕೇಳುವುದು ನನಗಂತೂ ಸೇರುವುದಿಲ್ಲ. ಹೊರಬರುವಾಗ ಬಾಗಿಲ ಬಳಿ ಟೀ-ಶರ್ಟು ಮಾರುವ ಮೇಜಿದ್ದರೆ ಒಂದನ್ನು ಕೊಳ್ಳಿ, ನಿಮ್ಮ ವರ್ಷವಿಡೀ ಸ್ಟ್ರೀಮಿಂಗಿನಿಂದ ಬ್ಯಾಂಡಿಗೆ ಸೇರುವುದಕ್ಕಿಂತ ಹೆಚ್ಚು ದುಡ್ಡು ಅಲ್ಲಿ ಸೇರುತ್ತದೆ. ಮೊದಲು ನುಡಿಸುವ ಹೆಸರು ಕೇಳದ ತಂಡವನ್ನೂ ತಪ್ಪಿಸಬೇಡಿ. ಮತ್ತೆ, ದಯವಿಟ್ಟು, ಸ್ವಂತ ಹಾಡು ಹಾಡುತ್ತಿರುವವರ ಮುಂದೆ ‘ಮುಂಗಾರು ಮಳೆ ಹಾಡಿ’ ಎಂದು ಕೂಗಬೇಡಿ. ಪ್ರತಿ ಶೋನಲ್ಲೂ ಒಬ್ಬರಾದರೂ ಕೂಗೇ ಕೂಗುತ್ತಾರೆ.

ಒಂದೇ ಬ್ಯಾಂಡನ್ನು ಕೆಲವು ತಿಂಗಳ ಅಂತರದಲ್ಲಿ ಇನ್ನೊಮ್ಮೆ ಕೇಳುವುದು ಇದೆಲ್ಲಕ್ಕಿಂತ ಮುಖ್ಯ. ಆಲ್ಬಂ ಒಂದು ಹಾಡಿನ ಒಂದು ದಿನದ ರೂಪ, ವೇದಿಕೆಯಲ್ಲಿ ಅದು ಬೆಳೆಯುತ್ತಿರುತ್ತದೆ. ದೆಹಲಿಯ ಇಂಡಿಯನ್ ಓಷನ್ ಇದನ್ನು ಮೊದಲೇ ಅರಿತಿತ್ತು. ಅವರ ‘ಡೆಸರ್ಟ್ ರೇನ್’ ಸ್ಟುಡಿಯೊದಲ್ಲಿ ಹುಟ್ಟಿದ್ದಲ್ಲ, 1997ರಲ್ಲಿ ರಂಗಕರ್ಮಿ ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮವೊಂದರಲ್ಲಿ ನೇರವಾಗಿ ಮುದ್ರಿಸಿಕೊಂಡದ್ದು. ಎರಡನೆಯ ಸಲ ಹೋದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಆರಿಸಿಕೊಳ್ಳಿ. ಗಿಟಾರಿನ ಬಿಡಿ ನುಡಿತ ಹಿಂದಿಗಿಂತ ಉದ್ದವಾಗಿದೆಯೇ? ಡ್ರಮ್ಮರ್ ಬದಲಾಗಿದ್ದಾರೆಯೇ, ಬದಲಾಗಿದ್ದರೆ ಬೇಸ್ ನುಡಿಸುವವರು ಅವರಿಗೆ ಒಗ್ಗಿಕೊಳ್ಳಲು ಏನು ಮಾಡುತ್ತಿದ್ದಾರೆ? ಶೋ ಮುಗಿದು ತಂತಿಗಳನ್ನು ಸುತ್ತಿಡುತ್ತಿರುವಾಗ ಇದನ್ನು ಅವರನ್ನೇ ಕೇಳಬಹುದು. ಸಣ್ಣ ವೇದಿಕೆಯ ದೊಡ್ಡ ಅನುಕೂಲ ಅದು. ಗಾಯಕರ ಸುತ್ತ ಸೆಲ್ಫಿಗೆ ಜನ ಮುತ್ತಿರುತ್ತಾರೆ, ಬೇಸ್ ನುಡಿಸುವವರು ಸಾಮಾನ್ಯವಾಗಿ ಬಿಡುವಾಗಿಯೇ ಇರುತ್ತಾರೆ.