ಸೂಜಿಯಿಂದ ಶುರುವಾಗುವ ಸಿನಿಮಾ

ಐವಿಎಫ್ ಅಂದ್ರೆ ನಮ್ಮ ಗೆಳೆಯರ ಬಳಗಕ್ಕೆ ನೆನಪಾಗೋದು 2019ರ ಹಿಂದಿ ಸಿನಿಮಾ ‘ಗುಡ್ ನ್ಯೂಸ್’. ಇಬ್ಬರು ಬತ್ರಾಗಳ ವೀರ್ಯ ಅದಲುಬದಲಾಗುವ ತಮಾಷೆ. ನಾನೂ ನಕ್ಕೆ. ಆದರೆ ಪೀರಿಯಡ್ಸ್‌ನ ಎರಡನೇ ದಿನ ಸ್ಕ್ಯಾನ್ ಮುಗಿಸಿ, ರಕ್ತ ಕೊಟ್ಟ ಕೈಗೆ ಹತ್ತಿ ಒತ್ತಿಕೊಂಡೇ ಆಫೀಸ್ ಕಾಲ್‌ಗೆ ಸೇರುವ ನನಗೆ ಬೇಕಿದ್ದದ್ದು ತಮಾರಾ ಜೆಂಕಿನ್ಸ್ ಅವರ ‘ಪ್ರೈವೇಟ್ ಲೈಫ್’ (2018). ಅದು ಶುರುವಾಗೋದೇ ಗಂಡ ಹೆಂಡತಿಗೆ ಇಂಜೆಕ್ಷನ್ ಚುಚ್ಚುವುದರಿಂದ. ಇಲ್ಲಿ ಚಿಕಿತ್ಸೆ ಅಂದ್ರೆ ಕಾಯೋದು: ವೇಟಿಂಗ್ ರೂಮು, ಫೋನು, ಸಾಲ, ನಡುನಡುವೆ ಜಗಳ. ನ್ಯೂಯಾರ್ಕಿನ ಈ ಜೋಡಿ ಸ್ವಲ್ಪ ಜಾಸ್ತಿನೇ ಚುರುಕಾಗಿ ಮಾತಾಡುತ್ತೆ. ನಾವಿಬ್ಬರು ರಿಪೋರ್ಟ್ ಬಂದ ದಿನ ಮಾತೇ ಆಡಲ್ಲ. ಮಗು ಸಿಕ್ಕಿತೋ ಇಲ್ಲವೋ ಜೆಂಕಿನ್ಸ್ ಹೇಳೋದಿಲ್ಲ. ದತ್ತು ಕೊಡಬಹುದಾದ ಹುಡುಗಿಗಾಗಿ ಹೋಟೆಲಿನಲ್ಲಿ ಕಾಯುವಾಗ ಗಂಡ ಎದುರಿನ ಸೀಟು ಬಿಟ್ಟು ಹೆಂಡತಿಯ ಪಕ್ಕ ಬಂದು ಕೂರುತ್ತಾನೆ, ಅಷ್ಟೇ.