ಎಣ್ಣೆಯೊಳಗಿನ ನೀರಹನಿ

ಕಿಣ್ವ ಶುದ್ಧೀಕರಣದ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಹಂತದ ಅಂಕಿಯನ್ನು. ಪ್ರತಿ ಹಂತದಲ್ಲೂ ನೂರಕ್ಕೆ 80 ಉಳಿಸಿಕೊಂಡರೂ ನಾಲ್ಕನೆಯ ಕಾಲಮ್ ದಾಟುವಾಗ ಉಳಿದಿರುವುದು 41. ಕ್ರೊಮ್ಯಾಟೊಗ್ರಫಿಯ ನಾಜೂಕಿಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ನಾರು, ಸಕ್ಕರೆ, ಬಣ್ಣ ತುಂಬಿದ ಹಸಿ ರಸವನ್ನು ಸೀದಾ ಕಾಲಮ್‌ಗೆ ಸುರಿಯುವವರನ್ನು ಕಂಡರೆ ಆ ದುಬಾರಿ ರಾಳದ ಮೇಲೆ ಕನಿಕರ ಹುಟ್ಟುತ್ತದೆ.

ಮುಂಚಿನ ಆ ಒರಟು ಕೆಲಸಕ್ಕೆ ರಿವರ್ಸ್ ಮಿಸೆಲ್ ನನಗೆ ಮೆಚ್ಚು. ಐಸೊಆಕ್ಟೇನ್‌ನಲ್ಲಿ ಏರೊಸಾಲ್-ಓಟಿ ಎಂಬ ಮಾರ್ಜಕ ಕರಗಿಸಿದರೆ ಅದರ ಅಣುಗಳು ಬಾಲ ಹೊರಗೆ, ತಲೆ ಒಳಗೆ ಮಾಡಿಕೊಂಡು ಗುಂಪುಗೂಡುತ್ತವೆ; ಈ ಗುಂಪೇ ರಿವರ್ಸ್ ಮಿಸೆಲ್. ನಡುವೆ ಕೆಲವೇ ನ್ಯಾನೊಮೀಟರಿನ ನೀರಹನಿ. ತಲೆಗಳದ್ದು ಋಣಾವೇಶ. ಪಕ್ಕದ ನೀರಿನ ಪಿಎಚ್ ಅನ್ನು ಪ್ರೊಟೀನಿನ ಸಮವಿದ್ಯುತ್ ಬಿಂದುವಿಗಿಂತ, ಅಂದರೆ ಅದರ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್‌ಗಿಂತ, ಕೆಳಗಿಟ್ಟರೆ ಪ್ರೊಟೀನು ಧನಾವೇಶ ತಳೆದು ಆ ಹನಿಯೊಳಗೆ ಸೇರಿಕೊಳ್ಳುತ್ತದೆ. ಸುತ್ತಲೂ ದ್ರಾವಕವಿದ್ದರೂ ಮೈಗೆ ತಾಗುವುದು ನೀರೇ.

1987ರಲ್ಲಿ ಅಮೆರಿಕದ ಎಂಐಟಿಯ ಗೋಕ್ಲೆನ್ ಮತ್ತು ಹ್ಯಾಟನ್ ಪ್ರಕಟಿಸಿದ ಪ್ರಯೋಗ ಇವತ್ತಿಗೂ ನನಗೆ ಮಾದರಿ. ರೈಬೊನ್ಯೂಕ್ಲಿಯೇಸ್, ಸೈಟೊಕ್ರೋಮ್-ಸಿ, ಲೈಸೊಜೈಮ್: ಮೂರರ ತೂಕವೂ 12ರಿಂದ 14 ಸಾವಿರ ಡಾಲ್ಟನ್ ಆಸುಪಾಸು. ಗಾತ್ರ ನೋಡಿ ಬೇರ್ಪಡಿಸುವ ಜೆಲ್ ಕಾಲಮ್ ಇಲ್ಲಿ ಸೋಲಲೇಬೇಕು. ಅವರು ಪಿಎಚ್ 9, ಪೊಟ್ಯಾಸಿಯಂ ಕ್ಲೋರೈಡ್ 0.1 ಮೋಲಾರ್ ಇಟ್ಟು ಕಲಕಿದಾಗ ಸಾಕಷ್ಟು ಧನಾವೇಶವಿಲ್ಲದ ರೈಬೊನ್ಯೂಕ್ಲಿಯೇಸ್ ನೀರಿನಲ್ಲೇ ಉಳಿಯಿತು. ಮಿಕ್ಕೆರಡು ದ್ರಾವಕಕ್ಕೆ ದಾಟಿದವು. ಉಪ್ಪನ್ನು 0.5ಕ್ಕೆ ಏರಿಸಿದಾಗ ಸೈಟೊಕ್ರೋಮ್ ಹೊರಬಂತು. ಲೈಸೊಜೈಮ್ ಮಾತ್ರ ಮೊಂಡು. 2 ಮೋಲಾರ್ ಉಪ್ಪು, ಪಿಎಚ್ 11.5 ಬೇಕಾಯಿತು. ಅದಕ್ಕೇ ಹೇಳುವುದು: ಒಳಗೆ ಎಷ್ಟು ಹೋಯಿತು ಎಂದು ಬೀಗುವ ವರದಿಗಳನ್ನು ನಂಬಬೇಡಿ, ಎಷ್ಟು ಹೊರಬಂತು, ಜೀವಂತವಾಗಿ ಬಂತೇ ಎಂದು ಕೇಳಿ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ವಿದ್ಯೆಯನ್ನು ಅನಾನಸಿನ ಸಿಪ್ಪೆ, ತಿರುಳುದಿಂಡು, ಕಿರೀಟಗಳ ಮೇಲೆ ಪ್ರಯೋಗಿಸಿ 2008ರಲ್ಲಿ ಪ್ರಕಟಿಸಿತು. ಗುರಿ ಬ್ರೊಮೆಲಿನ್ ಎಂಬ ಕಿಣ್ವ. ಮಾರ್ಜಕ ಈ ಸಲ ಧನಾವೇಶದ ಸಿಟ್ಯಾಬ್. ಜೊತೆಗೆ ಐಸೊಆಕ್ಟೇನ್, ಹೆಕ್ಸನಾಲ್, ಬ್ಯುಟನಾಲ್. ದಿಂಡಿನ ರಸದಲ್ಲಿ ಶುದ್ಧತೆ ಸುಮಾರು ಐದು ಪಟ್ಟು ಏರಿತು, ಮರಳಿ ಸಿಕ್ಕ ಕಿಣ್ವದ ಚಟುವಟಿಕೆ ನೂರಕ್ಕೆ ನೂರನ್ನೂ ಮೀರಿತು. ಇದು ಅಚ್ಚಿನ ತಪ್ಪಲ್ಲ. ಹಸಿ ರಸದಲ್ಲಿ ಕಿಣ್ವದ ಕೈ ಕಟ್ಟುವ ವಸ್ತುಗಳೂ ಇರಬಹುದು. ಅವು ಹಿಂದುಳಿದರೆ ಅಳತೆ ಏರುತ್ತದೆ. ಅನಾನಸಿನಲ್ಲಿ ಇನ್ನೊಂದು ತಂಟೆಯಿದೆ: ಹಣ್ಣಿನ ಬ್ರೊಮೆಲಿನ್‌ನ ಸಮವಿದ್ಯುತ್ ಬಿಂದು 4.6ರ ಹತ್ತಿರ, ಕಾಂಡದ್ದು 9.5ರ ಹತ್ತಿರ. ಎರಡಕ್ಕೂ ಒಂದೇ ಮಾರ್ಜಕ, ಒಂದೇ ಪಿಎಚ್ ಸಾಕೆನ್ನುವವರ ಮಾತಿಗೆ ನಾನು ತಲೆಯಾಡಿಸಲಾರೆ.

ಕಾಲಮ್‌ನ ಸರದಿ ಬರುವುದು ಇದಾದ ಮೇಲೆ. ಹೊರತಂದ ನೀರಿನಲ್ಲಿ ಸಿಟ್ಯಾಬ್‌ನ ಎಂಜಲು ಉಳಿದಿರುತ್ತದೆ. ಅದು 1 ಮಿಲಿಮೋಲಾರ್ ಸಮೀಪಿಸಿದರೆ ನೀರಿನಲ್ಲೇ ಮಿಸೆಲ್ ಕಟ್ಟುತ್ತದೆ, ಉಪ್ಪಿದ್ದರೆ ಇನ್ನೂ ಬೇಗ. ಆ ಮಿಸೆಲ್‌ಗಳ ತೂಕ ಸುಮಾರು 30 ಸಾವಿರ ಡಾಲ್ಟನ್, ಬ್ರೊಮೆಲಿನ್‌ಗೆ ತೀರಾ ಸಮೀಪ. ಜೆಲ್ ಮತ್ತೆ ಕೈಚೆಲ್ಲುತ್ತದೆ. ಹಣ್ಣಿನ ಕಿಣ್ವವಾದರೆ ನಾನು ಉಪ್ಪು ಕಳೆದು, ಪಿಎಚ್ 7ರಲ್ಲಿ ಧನಾಯಾನು ಹಿಡಿಯುವ ರಾಳದ ಮೂಲಕ ಬಿಡುತ್ತೇನೆ: ಸಿಟ್ಯಾಬ್ ಅಲ್ಲೇ ಅಂಟುತ್ತದೆ, ಬ್ರೊಮೆಲಿನ್ ಇಳಿದು ಬರುತ್ತದೆ.