ಲಿಪಿಕಾರನಿಗೂ ಮನಸ್ಸುಂಟು: ಲಿಖಚೋವ್ ಪರಂಪರೆಯ ಗೆಲುವು, ಸೋಲು

1928ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡಿನಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ವಿದ್ಯಾರ್ಥಿಯ ಬಂಧನವಾಯಿತು. ಗೆಳೆಯರು ಕಟ್ಟಿಕೊಂಡಿದ್ದ ‘ಅಂತರಿಕ್ಷ ಅಕಾಡೆಮಿ’ ಎಂಬ ಪುಟ್ಟ ಕೂಟದಲ್ಲಿ ಅವನೊಂದು ಪ್ರಬಂಧ ಓದಿದ್ದ. ಕ್ರಾಂತಿಯ ನಂತರ ರಷ್ಯನ್ ಬರವಣಿಗೆಯಿಂದ ಕೈಬಿಟ್ಟ ಹಳೆಯ ಅಕ್ಷರಗಳನ್ನು ಸಮರ್ಥಿಸುವ ಪ್ರಬಂಧ ಅದು. ಐದು ವರ್ಷ ಶಿಕ್ಷೆಯಾಯಿತು. ಬಿಳಿ ಸಮುದ್ರದ ಸೊಲೊವ್ಕಿ ದ್ವೀಪದಲ್ಲಿ, ಒಂದು ಕಾಲದ ಮಠವೇ ಸೆರೆಶಿಬಿರವಾಗಿದ್ದ ಜಾಗಕ್ಕೆ ಅವನನ್ನು ಸಾಗಿಸಿದರು. ಆ ವಿದ್ಯಾರ್ಥಿಯೇ ದ್ಮಿತ್ರಿ ಲಿಖಚೋವ್ (1906–1999). ಮುಂದೆ ಹಳೆಯ ರಷ್ಯನ್ ಸಾಹಿತ್ಯದ ಅಧ್ಯಯನಕ್ಕೆ ಇವರ ಹೆಸರೇ ಪರ್ಯಾಯವಾಯಿತು.

ಲಿಖಚೋವ್ ಅವರ ಬದುಕನ್ನು ಸಂತನ ಕಥೆಯಂತೆ ಹೇಳುವುದು ರಷ್ಯಾದಲ್ಲಿ ರೂಢಿ. ಆ ಬದುಕಿನಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೂ ಇದೆ. ಆದರೆ ವಿದ್ವಾಂಸರಿಗೆ ಸಲ್ಲಬೇಕಾದ ಗೌರವ ಅವರ ವಿಚಾರವನ್ನು ಒರೆಗೆ ಹಚ್ಚುವುದರಲ್ಲಿದೆ. ಅವರ ವಿಚಾರದ ತಿರುಳು ಇಷ್ಟು: ಹಸ್ತಪ್ರತಿಯನ್ನು ನಕಲು ಮಾಡಿದವನು ತಪ್ಪುಗಳನ್ನು ಹೆರುವ ಯಂತ್ರವಲ್ಲ, ಯೋಚಿಸುವ ಮನುಷ್ಯ.

ಈ ಮಾತಿನ ತೂಕ ತಿಳಿಯಲು ಅದಕ್ಕೆ ಮುಂಚಿನ ಗ್ರಂಥಸಂಪಾದನೆಯನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, ಲಾಖ್‌ಮನ್ ಹೆಸರಿನೊಂದಿಗೆ ಗಟ್ಟಿಯಾದ ವಿಧಾನದಲ್ಲಿ, ಸಂಪಾದಕ ಪ್ರತಿಗಳ ಸಮಾನ ಸ್ಖಾಲಿತ್ಯಗಳನ್ನು ಹುಡುಕುತ್ತಿದ್ದ. ಅವುಗಳಿಂದ ಪ್ರತಿಗಳ ವಂಶವೃಕ್ಷ ಬರೆದು, ಕಳೆದುಹೋದ ಮೂಲಪಾಠದತ್ತ ಏರುತ್ತಿದ್ದ. ಆ ದಾರಿಯಲ್ಲಿ ಲಿಪಿಕಾರನ ಕೈ ತಾಗಿದ್ದೆಲ್ಲ ಕೊಳೆ, ತೊಳೆಯಬೇಕಾದದ್ದು. ರಷ್ಯಾದಲ್ಲಿ ಈ ದಾರಿಯನ್ನು ಮುರಿದವರು ಅಲೆಕ್ಸೆಯ್ ಶಾಖ್ಮತೊವ್. 1908ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವೃತ್ತಾಂತಗಳನ್ನು (ವರ್ಷವರ್ಷದ ಘಟನೆಗಳನ್ನು ದಾಖಲಿಸಿದ ಮಠಗಳ ಬರಹಗಳನ್ನು) ಪದರ ಪದರವಾಗಿ ಬಿಡಿಸಿದರು. ಒಂದೊಂದು ಪದರದ ಹಿಂದೆಯೂ ಒಬ್ಬ ಸಂಕಲನಕಾರ, ಅವನ ರಾಜಕೀಯ, ಅವನ ಒಲವು ಕಂಡವು. 1920ರ ಹಸಿವಿನ ಪೆಟ್ರೊಗ್ರಾಡಿನಲ್ಲಿ ಶಾಖ್ಮತೊವ್ ತೀರಿಕೊಂಡರು.

ಅವರು ಕೈಬಿಟ್ಟಲ್ಲಿಂದ ಲಿಖಚೋವ್ ಎತ್ತಿಕೊಂಡರು. 1938ರಲ್ಲಿ ಲೆನಿನ್‌ಗ್ರಾಡಿನ ಪುಷ್ಕಿನ್ ಭವನದ (ರಷ್ಯನ್ ಸಾಹಿತ್ಯ ಸಂಶೋಧನ ಸಂಸ್ಥೆಯ) ಪ್ರಾಚೀನ ರಷ್ಯನ್ ಸಾಹಿತ್ಯ ವಿಭಾಗ ಸೇರಿದ ಅವರು, 1954ರಿಂದ ಅದರ ಮುಖ್ಯಸ್ಥರಾದರು. 1962ರಲ್ಲಿ ಬಂದ ‘ಪಠ್ಯಶಾಸ್ತ್ರ’ ಈ ಪರಂಪರೆಯ ತಾಯಿಬೇರು. ಪಾಠಾಂತರವನ್ನು ವಿವರಿಸದೆ ತಿದ್ದಬೇಡಿ ಎನ್ನುತ್ತದೆ ಆ ಗ್ರಂಥ. ಲಿಪಿಕಾರ ಉದ್ದೇಶಪೂರ್ವಕವಾಗಿ ಮಾಡಿದ ಬದಲಾವಣೆಯನ್ನು ಮೊದಲು ಅರ್ಥಮಾಡಿಕೊಳ್ಳಿ, ಕಣ್ತಪ್ಪು ಆಮೇಲಿನ ಮಾತು. ಒಂದು ಕೃತಿಯ ಪಠ್ಯವೆಂದರೆ ಕಳೆದುಹೋದ ಮೂಲವಷ್ಟೇ ಅಲ್ಲ, ಶತಮಾನಗಳುದ್ದಕ್ಕೂ ಅದು ಬದಲಾಗುತ್ತ ಬಂದ ಇತಿಹಾಸ.

ಒಂದು ಕಟ್ಟಿನಲ್ಲಿ ಕೃತಿಯೊಂದು ಯಾವ ಕೃತಿಗಳ ಜೊತೆ ಸೇರಿ ಬಂದಿದೆ ಎಂಬುದನ್ನೂ ಲಿಖಚೋವ್ ಸಾಕ್ಷಿಯೆಂದು ಎಣಿಸಿದರು. ಆ ಸಂಗಾತಿ ಕೃತಿಗಳನ್ನು ‘ಕಾನ್ವಾಯ್’ ಎಂದು ಕರೆದರು. ರಷ್ಯನ್ ಕಿವಿಯಲ್ಲಿ ಆ ಪದ ಕೈದಿಗಳ ಕಾವಲುಪಡೆಯನ್ನೂ ನೆನಪಿಸುತ್ತದೆ. ಸೊಲೊವ್ಕಿಯನ್ನು ಕಂಡು ಬಂದವರು ಈ ಪದ ಬಳಸಿದಾಗ ಓದುಗನಿಗೆ ಮೈ ಜುಂ ಎನ್ನುತ್ತದೆ.

ಆ ದ್ವೀಪದಲ್ಲಿ ಅವರು ಕಳ್ಳರ ಇಸ್ಪೀಟಾಟವನ್ನು ಅಭ್ಯಾಸ ಮಾಡಿ ಬರೆದ ಲೇಖನ 1930ರಲ್ಲಿ ಶಿಬಿರದ ಪತ್ರಿಕೆಯಲ್ಲೇ ಅಚ್ಚಾಯಿತು. ಸಮಾಜ ಕಸವೆಂದು ಎಸೆದವರ ಆಟದಲ್ಲೂ ನಿಯಮವಿದೆ, ಮನಸ್ಸಿದೆ ಎಂದು ನೋಡಿದ ಕಣ್ಣೇ ಮುಂದೆ ಹೆಸರಿಲ್ಲದ ಲಿಪಿಕಾರರನ್ನು ನೋಡಿತು ಎಂದು ನಾನು ನಂಬುತ್ತೇನೆ. 1929ರ ಅಕ್ಟೋಬರಿನ ಒಂದು ರಾತ್ರಿ ಶಿಬಿರದಲ್ಲಿ ಸಾಮೂಹಿಕ ಗುಂಡೇಟು ನಡೆದಾಗ, ತಮ್ಮನ್ನೂ ಹುಡುಕುತ್ತಿದ್ದಾರೆಂದು ತಿಳಿದು ಅವರು ಸೌದೆಯ ರಾಶಿಗಳ ನಡುವೆ ಅಡಗಿ ಉಳಿದರು. ತನ್ನ ಬದಲು ಇನ್ನೊಬ್ಬ ಸತ್ತಿರಬೇಕು, ಹಾಗಾಗಿ ಇಬ್ಬರ ಪರವಾಗಿ ಬದುಕಬೇಕು ಎಂಬ ಭಾವನೆಯನ್ನು ನೆನಪುಗಳಲ್ಲಿ ದಾಖಲಿಸಿದ್ದಾರೆ. 1942ರಲ್ಲಿ, ಲೆನಿನ್‌ಗ್ರಾಡಿನ ಮುತ್ತಿಗೆಯ ಹಸಿವಿನಲ್ಲಿ ಅವರ ತಂದೆ ತೀರಿಕೊಂಡರು. ಅದೇ ವರ್ಷ ತಿಖಾನೊವಾ ಅವರೊಡನೆ ಬರೆದ ಪುಸ್ತಕದ ವಸ್ತು ಪ್ರಾಚೀನ ರಷ್ಯನ್ ನಗರಗಳ ರಕ್ಷಣೆ.

ವಿಭಾಗದ ಸಾಮೂಹಿಕ ಸಾಧನೆ ದೊಡ್ಡದು. 1934ರಲ್ಲಿ ಆರಂಭವಾದ ಸಂಶೋಧನ ಸಂಪುಟಗಳ ಮಾಲೆ ಮುಂದುವರಿಯಿತು. ವ್ಲಾದಿಮಿರ್ ಮಾಲಿಶೆವ್ ಉತ್ತರದ ಹಳ್ಳಿಗಳ ಹಳೆನಂಬಿಕೆಯವರ (ಚರ್ಚಿನ ಸುಧಾರಣೆಗಳನ್ನು ಒಪ್ಪದೆ ಹಳೆಯ ಆಚರಣೆ ಉಳಿಸಿಕೊಂಡವರ) ಮನೆಗಳಿಂದ ಹಸ್ತಪ್ರತಿಗಳನ್ನು ತಂದು ಭಂಡಾರ ಕಟ್ಟಿದರು. 1978ರಿಂದ 1994ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹಳೆಯ ಸಾಹಿತ್ಯ ಅನುವಾದಸಹಿತ ಸಾಮಾನ್ಯ ಓದುಗರ ಕೈ ಸೇರಿತು.

ಕಾವ್ಯಮೀಮಾಂಸೆಗೆ ಬಂದರೆ ನನಗೆ ಆಕ್ಷೇಪಗಳಿವೆ. ‘ಸಾಹಿತ್ಯಿಕ ಶಿಷ್ಟಾಚಾರ’ ಎಂಬ ಲಿಖಚೋವ್ ಪರಿಕಲ್ಪನೆ ಅಮೂಲ್ಯವಾದದ್ದು. ರಾಜ ರಾಜನಂತೆ, ಸಂತ ಸಂತನಂತೆ ನಡೆಯಬೇಕು, ಪದಗಳೂ ಅವರವರ ಅಂತಸ್ತಿಗೆ ತಕ್ಕಂತಿರಬೇಕು ಎಂಬ ಮಧ್ಯಯುಗದ ಕಟ್ಟಳೆಯನ್ನು ಅದು ಬೆಳಗುತ್ತದೆ. ಆದರೆ ಇಡೀ ಶತಮಾನಗಳಿಗೆ ‘ಸ್ಮಾರಕೋಪಮ ಐತಿಹಾಸಿಕತೆ’ಯಂಥ ಒಂದೊಂದು ಶೈಲಿಯ ಹೆಸರು ಹಚ್ಚಿದಾಗ ಬಿಡಿ ಕೃತಿಗಳ ದನಿ ಮಸುಕಾಗುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ದೇವರನ್ನು ಕೇಂದ್ರದಲ್ಲಿಟ್ಟ ಸಾಹಿತ್ಯವನ್ನು ದೇಶಪ್ರೇಮ ಮತ್ತು ಮಾನವತೆಯ ಭಾಷೆಯಲ್ಲಿ ವಿವರಿಸಬೇಕಾದ ಸೋವಿಯತ್ ಒತ್ತಡ ಈ ಬರಹಗಳ ಮೇಲಿದೆ. ಆ ಕೃತಿಗಳು ಬೈಬಲಿನ ಉಲ್ಲೇಖಗಳನ್ನೇ ಅರ್ಥದ ಕೀಲಿಯಾಗಿ ಇಟ್ಟುಕೊಂಡಿವೆ ಎಂದು ಸೋವಿಯತ್ ದೇಶದ ಹೊರಗಿದ್ದ ಇಟಲಿಯ ರಿಕಾರ್ದೊ ಪಿಕ್ಕಿಯೊ ತೋರಿಸಿದರು.

ನಿಜವಾದ ಪರೀಕ್ಷೆ ಎದುರಾದದ್ದು ‘ಇಗೋರ್ ದಂಡಯಾತ್ರೆಯ ಕಥನ’ದ ವಿಷಯದಲ್ಲಿ. ಹನ್ನೆರಡನೆಯ ಶತಮಾನದ್ದೆಂದು ಎಣಿಸಲಾದ, 1800ರಲ್ಲಿ ಅಚ್ಚಾದ ಈ ಕೃತಿಯ ಏಕೈಕ ಹಳೆಯ ಹಸ್ತಪ್ರತಿ 1812ರ ಮಾಸ್ಕೋ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಮುದ್ರಿತ ಪಠ್ಯ ಮತ್ತು ರಾಣಿ ಕ್ಯಾಥರೀನಳಿಗಾಗಿ ಮಾಡಿದ ನಕಲು. ಪ್ರತಿಗಳ ಬಾಹುಳ್ಯವನ್ನೇ ನೆಚ್ಚಿದ ಪಂಥಕ್ಕೆ ಎಲ್ಲಕ್ಕಿಂತ ಪ್ರಿಯವಾದ ಕೃತಿಯಲ್ಲೇ ಹೋಲಿಸಲು ಹಳೆಯ ಪ್ರತಿಯಿಲ್ಲ. 1963ರ ಫೆಬ್ರವರಿಯಲ್ಲಿ ಇತಿಹಾಸಕಾರ ಅಲೆಕ್ಸಾಂಡರ್ ಝಿಮಿನ್ ಪುಷ್ಕಿನ್ ಭವನದಲ್ಲೇ ನಿಂತು, ಅದು ಹದಿನೆಂಟನೆಯ ಶತಮಾನದ ರಚನೆ ಎಂದರು. ಕುಲಿಕೊವೊ ಕದನವನ್ನು ಕುರಿತ, ಹಲವು ಪ್ರತಿಗಳಲ್ಲಿ ಉಳಿದ ಹಳೆಯ ಕಥನ ‘ಝಾದೊನ್‌ಶ್ಚಿನಾ’ ಇದನ್ನು ಅನುಕರಿಸಿಲ್ಲ, ಇದೇ ಅದನ್ನು ಅನುಕರಿಸಿದೆ ಎಂಬುದು ಅವರ ವಾದ.

ಝಿಮಿನ್ ಗ್ರಂಥವನ್ನು 101 ಪ್ರತಿ ಮಾತ್ರ ತೆಗೆದು, 1964ರ ಮೇ ತಿಂಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಲಾಯಿತು. 1966ರಲ್ಲಿ ಲಿಖಚೋವ್ ಮತ್ತು ದ್ಮಿತ್ರಿಯೆವ್ ಸಂಪಾದಿಸಿದ ಖಂಡನ ಸಂಪುಟ ಬಹಿರಂಗವಾಗಿ ಪ್ರಕಟವಾಯಿತು. ಖಂಡನೆ ಅಂಗಡಿಗೆ ಬಂತು, ಖಂಡನೆಗೆ ಗುರಿಯಾದ ಗ್ರಂಥ ಬರಲಿಲ್ಲ. ಝಿಮಿನ್ 1980ರಲ್ಲಿ ತೀರಿಕೊಂಡರು, ಅವರ ಗ್ರಂಥ ಪೂರ್ಣವಾಗಿ ಅಚ್ಚಾದದ್ದು 2006ರಲ್ಲಿ. ಆ ನಿರ್ಬಂಧ ಲಿಖಚೋವ್ ಒಬ್ಬರ ಕೈಯಲ್ಲಿ ಇರಲಿಲ್ಲ, ನಿಜ. ಆದರೆ ಎದುರಾಳಿಯ ಪಠ್ಯ ಓದುಗರಿಗೆ ಸಿಗದಿದ್ದ ಹೊತ್ತಿನಲ್ಲಿ ವಾದ ಗೆದ್ದದ್ದು ಪಠ್ಯಶಾಸ್ತ್ರದ ಧರ್ಮಕ್ಕೆ ಒಪ್ಪುವುದಿಲ್ಲ. ಭಿನ್ನಮತದ ವಿಜ್ಞಾನಿ ಸಖಾರೊವ್ ವಿರುದ್ಧದ ಪತ್ರಕ್ಕೆ ಸಹಿ ಹಾಕದ್ದಕ್ಕೆ 1975ರಲ್ಲಿ ಪಕ್ಕೆಲುಬು ಮುರಿಸಿಕೊಂಡ, ಮರುವರ್ಷ ಮನೆಗೆ ಬೆಂಕಿಯಿಡುವ ಯತ್ನವನ್ನೂ ಎದುರಿಸಿದ ಧೀರನ ವಿಷಯದಲ್ಲಿ ಈ ಮಾತು ಬರೆಯುವಾಗ ನೋವಾಗುತ್ತದೆ. ಆದರೂ ಬರೆಯಲೇಬೇಕು.

2004ರಲ್ಲಿ ಭಾಷಾಶಾಸ್ತ್ರಜ್ಞ ಆಂದ್ರೆಯ್ ಝಲಿಝ್‌ನ್ಯಾಕ್ ಎರಡೂ ಪಕ್ಷಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಕಥನದಲ್ಲಿ ಪದಕ್ಕಂಟಿದ ಪುಟ್ಟ ಅವ್ಯಯಗಳ ಸ್ಥಾನ, ದ್ವಿವಚನದ ಬಳಕೆ ಇವೆಲ್ಲ ಹಳೆಯ ನಿಯಮಗಳನ್ನು ಪಾಲಿಸುತ್ತವೆ. ಆ ನಿಯಮಗಳನ್ನು ವಿದ್ವಾಂಸರು ಕಂಡುಕೊಂಡದ್ದೇ ಬಹಳ ತಡವಾಗಿ. ಅವನ್ನೆಲ್ಲ ಅರಿತ ಹದಿನೆಂಟನೆಯ ಶತಮಾನದ ನಕಲಿ ಕೃತಿಕಾರ ಇದ್ದನೆಂಬುದು ನಂಬಲಾಗದ ಮಾತು. ಕೃತಿಯ ಪ್ರಾಚೀನತೆಯ ವಿಷಯದಲ್ಲಿ ಲಿಖಚೋವ್ ಸರಿಯಾಗಿದ್ದರು. ಅದನ್ನು ಅಲುಗದಂತೆ ನಿಲ್ಲಿಸಿದ್ದು ಮಾತ್ರ ಸಂದೇಹವನ್ನು ಗಂಭೀರವಾಗಿ ಎತ್ತಿಕೊಂಡ ಓದು.

ಪಠ್ಯವೆಂದರೆ ಅದನ್ನು ಮುಟ್ಟಿದ ಎಲ್ಲ ಕೈಗಳ ಇತಿಹಾಸ ಎಂದು ಲಿಖಚೋವ್ ಕಲಿಸಿದರು. ಹಾಗಾದರೆ ಇಗೋರನ ಕಥನವನ್ನು ಸಂದೇಹದಿಂದ ಮುಟ್ಟಿದ ಝಿಮಿನ್ ಅವರ ಕೈಯೂ ಆ ಇತಿಹಾಸದೊಳಗೇ ಇದೆ. ತಪ್ಪು ಓದಿದವನನ್ನೂ ಅಳಿಸದೆ ವಿವರಿಸಿ ಉಳಿಸಿಕೊಳ್ಳುವುದು ಈ ಪರಂಪರೆ ತಾನೇ ಬರೆದುಕೊಂಡ ನಿಯಮ. ಲಿಪಿಕಾರನಿಗೆ ತೋರಿದ ಆ ಔದಾರ್ಯವನ್ನು ಸಮಕಾಲೀನನೊಬ್ಬನಿಗೆ ತೋರುವುದು ಅದಕ್ಕೆ ಆಗಲಿಲ್ಲ.